ಒಂದು ಮರಿ, ಹತ್ತು ಲಕ್ಷ ಮೊಟ್ಟೆ

(ಸುವರ್ಣ ಮಹೋತ್ಸವದ ಎರಡನೇ ದಿನ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಇಷ್ಟು ವರ್ಷ ಪ್ರಾಣಿಶಾಸ್ತ್ರ ಕಲಿಸಿದವರು, ಎಲ್ಲರಿಗೂ ಅರ್ಥವಾಗುವ ಹಾಗೆ ಕಡಲಿನ ಬಗ್ಗೆ ಏನಾದರೂ ಹೇಳಿ" ಎಂದರು. ಈ ಊರಿನವರಿಗೆ ಕಡಲಿನ ಬಗ್ಗೆ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಯಾವ ಗಾಳಿಗೆ ಯಾವ ಮೀನು ದಡಕ್ಕೆ ಬರುತ್ತದೆ ಎಂದು ಇಲ್ಲಿನ ತಾಂಡೇಲರಿಗೆ ಗೊತ್ತಿರುವಷ್ಟು ನಮ್ಮ ಪುಸ್ತಕಗಳಿಗೆ ಗೊತ್ತಿಲ್ಲ. ಆದ್ದರಿಂದ ನಾನು ಇಡೀ ಕಡಲನ್ನು ಬಿಟ್ಟು ಎರಡೇ ಎರಡು ಪ್ರಾಣಿಗಳನ್ನು ಆರಿಸಿಕೊಂಡಿದ್ದೇನೆ. ಒಂದು ನೀವೆಲ್ಲ ನೋಡಿರುವ ಡಾಲ್ಫಿನ್. ಇನ್ನೊಂದು ನಿಮ್ಮಲ್ಲಿ ಹೆಚ್ಚಿನವರು ನೋಡಿರದ ಸಮುದ್ರ ಸೌತೆ. ಹೆಸರು ಕೇಳಿ ಮಕ್ಕಳು ನಗುತ್ತಿದ್ದಾರೆ. ನಗಲಿ. ಅದು ತರಕಾರಿಯಲ್ಲ, ಜೀವವಿರುವ ಪ್ರಾಣಿ. ಭಾರತದ ಕಾನೂನು ಈ ಎರಡನ್ನೂ ಹುಲಿಯ ಜೊತೆಗೆ ಒಂದೇ ಪಟ್ಟಿಯಲ್ಲಿ ಕೂರಿಸಿದೆ. ಯಾಕೆ ಕೂರಿಸಿದೆ ಎಂಬುದೇ ನನ್ನ ಇವತ್ತಿನ ಮಾತು.

ಮೊದಲು ಡಾಲ್ಫಿನ್. ಲೋಕದಲ್ಲಿ ಡಾಲ್ಫಿನ್‌ಗಳು ಹಲವು ಜಾತಿ. ನಾನು ಹೇಳುತ್ತಿರುವುದು ನಮ್ಮ ಅಳಿವೆಯ ಬಾಯಿಯಲ್ಲಿ, ದಡದಿಂದಲೇ ಕಾಣುವ ಜಾತಿಯ ಬಗ್ಗೆ. ಬೂದು ಮೈ, ಬೆನ್ನ ನಡುವೆ ಉದ್ದನೆಯ ಗೂನು, ಆ ಗೂನಿನ ಮೇಲೆ ಸಣ್ಣ ರೆಕ್ಕೆ. ಹಿಂದೂ ಮಹಾಸಾಗರದ ಗೂನುಬೆನ್ನಿನ ಡಾಲ್ಫಿನ್ ಎಂದು ಅದರ ಹೆಸರು. ಕೆಲವರು ಕಡಲಹಂದಿ ಎನ್ನುತ್ತಾರೆ. ವಿಜ್ಞಾನದ ಹೆಸರು ಸೌಸಾ ಪ್ಲಂಬಿಯಾ. ಪ್ಲಂಬಿಯಾ ಎಂದರೆ ಸೀಸದ ಬಣ್ಣದ್ದು. 1829ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕುವಿಯೇ ಈ ಜಾತಿಯನ್ನು ಮೊದಲ ಬಾರಿಗೆ ಪುಸ್ತಕದಲ್ಲಿ ವಿವರಿಸಿದಾಗ, ಆ ವಿವರಣೆಗೆ ಆಧಾರವಾದ ಪ್ರಾಣಿ ಸಿಕ್ಕಿದ್ದು ಮಲಬಾರ್ ಕರಾವಳಿಯಲ್ಲಿ. ಅಂದರೆ ಇಡೀ ಜಗತ್ತಿಗೆ ಈ ಪ್ರಾಣಿಯ ಪರಿಚಯವಾದದ್ದು ನಮ್ಮ ಪಡುವಣ ತೀರದಿಂದಲೇ. ದಕ್ಷಿಣ ಆಫ್ರಿಕಾದಿಂದ ಹಿಡಿದು ಅರಬ್ ನಾಡುಗಳ ತೀರ ಬಳಸಿ ಭಾರತದವರೆಗೆ ಅದರ ಬಿಡಾರ. ಆದರೆ ಅಗಲ ಮಾತ್ರ ಬಹಳ ಕಿರಿದು. 25 ಮೀಟರಿಗಿಂತ ಆಳದ ನೀರಿಗೆ ಅದು ಹೋಗುವುದು ಕಡಿಮೆ. ದಡದ ಉದ್ದಕ್ಕೂ ಎಳೆದ ಒಂದು ಸಣ್ಣ ಪಟ್ಟಿಯೇ ಅದರ ಮನೆ. ನಾವು ಬಲೆ ಬಿಡುವುದೂ ಅದೇ ಪಟ್ಟಿಯಲ್ಲಿ.

ಇನ್ನು ಸಮುದ್ರ ಸೌತೆ. ಲೋಕದಲ್ಲಿ ಇವು ಸುಮಾರು 1,700 ಜಾತಿ. ನಮ್ಮ ರಾಜ್ಯದ ಬಂಡೆ ತೀರಗಳಲ್ಲೂ ಕೆಲವು ಇವೆ. ನಾನು ಆರಿಸಿಕೊಂಡ ಜಾತಿ ಹೊಲೊಥೂರಿಯಾ ಸ್ಕೇಬ್ರಾ. ಸ್ಕೇಬ್ರಾ ಎಂದರೆ ಒರಟು. ವ್ಯಾಪಾರದವರು ಇದನ್ನು ಸ್ಯಾಂಡ್‌ಫಿಶ್ ಎನ್ನುತ್ತಾರೆ, ಆದರೆ ಇದು ಮೀನಲ್ಲ. ತಮಿಳುನಾಡಿನ ಮೀನುಗಾರರು ಸಮುದ್ರ ಸೌತೆಗೆ ಕಡಲ್ ಅಟ್ಟೈ ಎನ್ನುತ್ತಾರೆ, ಅಂದರೆ ಕಡಲಿನ ಜಿಗಣೆ. ಇದು ಜಿಗಣೆಯೂ ಅಲ್ಲ, ರಕ್ತ ಹೀರುವುದೂ ಇಲ್ಲ. ನಕ್ಷತ್ರ ಮೀನಿನ ಹತ್ತಿರದ ಸಂಬಂಧಿ. ನಮ್ಮ ದೇಶದಲ್ಲಿ ರಾಮನಾಥಪುರ, ತೂತ್ತುಕುಡಿ ಕಡೆಯ ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿಗಳಲ್ಲಿ ಮತ್ತು ಅಂಡಮಾನಿನಲ್ಲಿ ಇದೆ. ಕಡಲಹುಲ್ಲು ಬೆಳೆಯುವ ಆಳವಿಲ್ಲದ ಮರಳೇ ಇದರ ಮನೆ. ಒಂದು ಗೇಣಿಗಿಂತ ಸ್ವಲ್ಪ ಉದ್ದ, ಮೇಲೆ ಬೂದು ಕಪ್ಪು, ಹೊಟ್ಟೆಯ ಕಡೆ ಬಿಳುಪು, ಮೈಮೇಲೆ ಅಡ್ಡಡ್ಡ ಸುಕ್ಕು. ಮರಳಿನ ಮೇಲೆ ಬಿದ್ದಿದ್ದರೆ ಯಾರೋ ಎಸೆದು ಹೋದ ಹಳೇ ಸೌತೆಕಾಯಿ ಎಂದುಕೊಳ್ಳಬೇಕು.

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ.

ಡಾಲ್ಫಿನ್ ಎರಡೂವರೆ ಮೀಟರ್ ಮೀರಿ ಬೆಳೆಯುತ್ತದೆ, ತೂಕ 250 ಕಿಲೋವರೆಗೆ ಹೋಗುತ್ತದೆ. ದೊಡ್ಡ ಮಿದುಳು, ಬಿಸಿ ರಕ್ತ, ನಮ್ಮ ಹಾಗೆಯೇ ನಾಲ್ಕು ಕೋಣೆಯ ಹೃದಯ. ಸಮುದ್ರ ಸೌತೆಗೆ ಮಿದುಳಿಲ್ಲ, ಬಾಯಿಯ ಸುತ್ತ ನರದ ಒಂದು ಬಳೆ ಮಾತ್ರ ಇದೆ. ನಮ್ಮಂಥ ಹೃದಯವಿಲ್ಲ. ಕಣ್ಣಿಲ್ಲ. ಎಲುಬೂ ಇಲ್ಲ, ಚರ್ಮದೊಳಗೆ ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಸುಣ್ಣದ ಚೂರುಗಳಿವೆ.

ಡಾಲ್ಫಿನ್ ಉಸಿರಾಡುವುದು ತಲೆಯ ಮೇಲಿನ ಮೂಗಿನ ತೂತಿನಿಂದ. ಅದು ಮೀನಲ್ಲ, ಕಿವಿರಿಲ್ಲ. ಪ್ರತಿ ಉಸಿರಿಗೂ ಮೇಲೆ ಬರಲೇಬೇಕು. ನಾವು ನಿದ್ದೆಯಲ್ಲೂ ಉಸಿರಾಡುತ್ತೇವೆ, ಅದಕ್ಕೆ ಯೋಚನೆ ಬೇಡ. ಡಾಲ್ಫಿನ್ ಪ್ರತಿ ಉಸಿರನ್ನೂ ಎಚ್ಚರದಿಂದ ತೆಗೆದುಕೊಳ್ಳಬೇಕು. ಅದಕ್ಕಾಗಿ ಅದು ಮಿದುಳಿನ ಅರ್ಧ ಭಾಗವನ್ನು ಮಲಗಿಸಿ ಇನ್ನರ್ಧವನ್ನು ಎಚ್ಚರ ಇಟ್ಟುಕೊಳ್ಳುತ್ತದೆ. ಸಮುದ್ರ ಸೌತೆಯದು ಇದಕ್ಕೆ ತದ್ವಿರುದ್ಧ. ಅದು ಉಸಿರಾಡುವುದು ಹಿಂಭಾಗದಿಂದ. ಮಕ್ಕಳೇ, ನಗಬೇಡಿ ಎಂದು ನಾನು ಹೇಳುವುದಿಲ್ಲ, ತರಗತಿಯಲ್ಲಿ ಇದನ್ನು ಹೇಳಿದಾಗ ನಗದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಗುದದ್ವಾರದಿಂದ ನೀರನ್ನು ಒಳಗೆಳೆದು, ಮರದ ಕೊಂಬೆಗಳಂತೆ ಒಳಗೆ ಹರಡಿರುವ ಅಂಗಗಳಿಗೆ ತುಂಬಿ, ನೀರಿನಲ್ಲಿರುವ ಆಮ್ಲಜನಕವನ್ನು ಹೀರಿ, ನೀರನ್ನು ವಾಪಸು ಹೊರಗೆ ಬಿಡುತ್ತದೆ.

ಊಟದ ವಿಷಯಕ್ಕೆ ಬನ್ನಿ. ಡಾಲ್ಫಿನ್ ತಾರ್ಲೆಯಂಥ ದಡದ ಮೀನುಗಳನ್ನು ಬೆನ್ನಟ್ಟಿ ಹಿಡಿಯುತ್ತದೆ. ನೂರಕ್ಕೂ ಹೆಚ್ಚು ಹಲ್ಲುಗಳಿದ್ದರೂ ಅಗಿಯುವುದಿಲ್ಲ, ಹಿಡಿದು ನುಂಗುತ್ತದೆ. ಮಳೆಗಾಲದ ಕೆಂಪು ನೀರಿನಲ್ಲಿ ಕಣ್ಣು ಏನು ಕಾಣಬೇಕು? ಆದ್ದರಿಂದ ಅದು ಶಬ್ದದಿಂದ ನೋಡುತ್ತದೆ. ಮೂಗಿನ ನಾಳದಲ್ಲಿ ಟಿಕ್ ಟಿಕ್ ಎಂಬ ಸದ್ದು ಹುಟ್ಟಿಸಿ, ಹಣೆಯ ಕೊಬ್ಬಿನ ಗಡ್ಡೆಯ ಮೂಲಕ ಮುಂದಕ್ಕೆ ಬಿಡುತ್ತದೆ. ಮೀನಿಗೆ ತಾಗಿ ಹಿಂದಿರುಗಿದ ಸದ್ದನ್ನು ಕೆಳದವಡೆಯ ಮೂಲಕ ಕೇಳಿಸಿಕೊಳ್ಳುತ್ತದೆ.

ಸಮುದ್ರ ಸೌತೆ ಯಾರನ್ನೂ ಬೆನ್ನಟ್ಟುವುದಿಲ್ಲ. ಅದು ಮರಳನ್ನೇ ತಿನ್ನುತ್ತದೆ. ಬಾಯಿಯ ಸುತ್ತ ಇರುವ ಪುಟ್ಟ ಕೈಗಳಂಥ ಸ್ಪರ್ಶಾಂಗಗಳಿಂದ ಕೆಸರು ಮರಳನ್ನು ಬಾಯಿಗೆ ತಳ್ಳಿಕೊಂಡು, ಅದರಲ್ಲಿರುವ ಕೊಳೆತ ಎಲೆ, ಪಾಚಿ, ಬ್ಯಾಕ್ಟೀರಿಯಾ ಅರಗಿಸಿಕೊಂಡು, ಶುದ್ಧವಾದ ಮರಳನ್ನು ಹಿಂದೆ ಬಿಡುತ್ತ ಹೋಗುತ್ತದೆ. ದಿನದಲ್ಲಿ ಕೆಲವು ಗಂಟೆ ಮರಳಿನೊಳಗೆ ಹೂತು ಕೂರುತ್ತದೆ, ಮತ್ತೆ ಮೇಲೆ ಬರುತ್ತದೆ. ಹೀಗೆ ಹೂಳುತ್ತ ಏಳುತ್ತ ಕಡಲ ತಳವನ್ನು ಕೆದಕಿ ಸಡಿಲ ಮಾಡುತ್ತದೆ. ನಮ್ಮ ಗದ್ದೆಯಲ್ಲಿ ಎರೆಹುಳ ಮಾಡುವ ಕೆಲಸ ಅದು. ಅದರ ಮಲಮೂತ್ರದ ಸಾರ ಕಡಲಹುಲ್ಲಿಗೆ ಗೊಬ್ಬರ. ಆ ಹುಲ್ಲಿನಲ್ಲಿ ಸಿಗಡಿ, ಮೀನಿನ ಮರಿಗಳು ಬೆಳೆಯುತ್ತವೆ. ಇದೇ ಕುಲದ ಇನ್ನೊಂದು ಜಾತಿಯ ಮೇಲೆ ಪೆಸಿಫಿಕ್ ಸಾಗರದ ಮೂರಿಯಾ ದ್ವೀಪದಲ್ಲಿ ನಡೆಸಿದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಕೆಲವು ಕಡೆ ಸಮುದ್ರ ಸೌತೆಗಳನ್ನು ತೆಗೆದುಹಾಕಿದರು, ಕೆಲವು ಕಡೆ ಬಿಟ್ಟರು. ತೆಗೆದ ಕಡೆ ಹವಳಕ್ಕೆ ರೋಗ ಹೆಚ್ಚಾಯಿತು, ಸಾವೂ ಹೆಚ್ಚಾಯಿತು. ಗುಡಿಸುವವರು ಬರದಿದ್ದರೆ ಪೇಟೆಯ ಬೀದಿ ಏನಾಗುತ್ತದೋ ಅದೇ ಆಯಿತು.

ಇಷ್ಟು ಕೇಳಿದ ಮೇಲೆ ಯಾರಾದರೂ, ಡಾಲ್ಫಿನ್ ಎಂದರೆ ನಮ್ಮ ಕಡೆಯದು, ಸಮುದ್ರ ಸೌತೆ ಎಂದರೆ ಬೇರೆ ಲೋಕದ್ದು ಎನ್ನಬಹುದು. ಮೊದಲನೆಯದು ಸರಿ. ಡಾಲ್ಫಿನ್ನಿನ ಪೂರ್ವಜರು ನೆಲದ ಮೇಲೆ ನಾಲ್ಕು ಕಾಲಿನಲ್ಲಿ ಓಡಾಡುತ್ತಿದ್ದವು. ಸುಮಾರು 4 ಕೋಟಿ 80 ಲಕ್ಷ ವರ್ಷ ಹಿಂದಿನ, ತಿಮಿಂಗಿಲ–ಡಾಲ್ಫಿನ್‌ಗಳ ಹತ್ತಿರದ ಬಂಧುವಾದ ಇಂಡೋಹಯಸ್ ಎಂಬ ಪುಟ್ಟ ಗೊರಸಿನ ಪ್ರಾಣಿಯ ಎಲುಬುಗಳು ಸಿಕ್ಕಿದ್ದು ನಮ್ಮ ಕಾಶ್ಮೀರದ ಬಂಡೆಗಳಲ್ಲೇ. ಇಂದಿಗೂ ಡಾಲ್ಫಿನ್ ಬಾಲವನ್ನು ಮೀನಿನ ಹಾಗೆ ಎಡಬಲಕ್ಕೆ ಬೀಸುವುದಿಲ್ಲ. ಓಡುವ ಪ್ರಾಣಿಯ ಬೆನ್ನಿನ ಹಾಗೆ ಮೇಲೆ ಕೆಳಗೆ ಬೀಸುತ್ತದೆ.

ಎರಡನೆಯ ಮಾತು ಮಾತ್ರ ಪೂರ್ತಿ ಸರಿಯಲ್ಲ. ಮೊಟ್ಟೆಯೊಳಗೆ ಭ್ರೂಣ ಬೆಳೆಯುವಾಗ ಮೊದಲು ಒಂದು ತೂತು ಮೂಡುತ್ತದೆ. ಬಸವನಹುಳು, ಕಪ್ಪೆಚಿಪ್ಪು, ಎರೆಹುಳಗಳ ಬಳಗದಲ್ಲಿ ಸಾಮಾನ್ಯವಾಗಿ ಆ ತೂತಿನ ಜಾಗದಲ್ಲೇ ಬಾಯಿ ಬರುತ್ತದೆ. ಸಮುದ್ರ ಸೌತೆಯಲ್ಲಿ ಹಾಗಲ್ಲ, ಮೊದಲ ತೂತು ಗುದದ ಕಡೆಯದು, ಬಾಯಿ ಆಮೇಲೆ ಬೇರೆ ಕಡೆ ಮೂಡುತ್ತದೆ. ಡಾಲ್ಫಿನ್ ಸೇರಿರುವ ಬಳಗವೂ ಹಾಗೆಯೇ. ನಾವೂ ಹಾಗೆಯೇ. ಅಂದರೆ ಜೀವಿಗಳ ವಂಶವೃಕ್ಷದಲ್ಲಿ ಬುದ್ಧಿವಂತ ಆಕ್ಟೋಪಸ್‌ಗಿಂತ, ಚುರುಕಿನ ಏಡಿಗಿಂತ, ಮಿದುಳಿಲ್ಲದ ಈ ಸಮುದ್ರ ಸೌತೆಯೇ ನಮಗೂ ಡಾಲ್ಫಿನ್ನಿಗೂ ಹತ್ತಿರದ ನೆಂಟ. 50 ಕೋಟಿ ವರ್ಷಕ್ಕೂ ಹಿಂದೆ ಒಂದೇ ಮನೆಯಿಂದ ಪಾಲಾಗಿ ಹೋದವರು ನಾವು. ರೂಪ ನೋಡಿ ನೆಂಟಸ್ತನ ಹೇಳಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದು ಸಂತಾನದ ವಿಷಯ.

ಹೆಣ್ಣು ಡಾಲ್ಫಿನ್ ಮರಿ ಹಾಕುವ ಪ್ರಾಯಕ್ಕೆ ಬರಲು ಸುಮಾರು 10 ವರ್ಷ ಬೇಕು. ಗರ್ಭ ಹೆಚ್ಚು ಕಡಿಮೆ ಒಂದು ವರ್ಷ. ಒಂದು ಸಲಕ್ಕೆ ಒಂದೇ ಮರಿ. ಅದಕ್ಕೆ ಹಾಲೂಡಿಸಬೇಕು, ಉಸಿರಾಡಲು, ಬೇಟೆಯಾಡಲು ಜೊತೆಗಿದ್ದು ಕಲಿಸಬೇಕು. ಮತ್ತೊಂದು ಮರಿ ಆಗಲು ಮೂರು ವರ್ಷದ ಮೇಲಾಗುತ್ತದೆ. ನಮ್ಮ ಮನೆಗಳ ಲೆಕ್ಕವೇ. ಒಂದು ತಾಯಿ ಬಲೆಗೆ ಸಿಕ್ಕಿ ಸತ್ತರೆ ಆ ಜಾಗ ತುಂಬಲು ಹತ್ತು ಹನ್ನೆರಡು ವರ್ಷ ಕಾಯಬೇಕು.

ಸಮುದ್ರ ಸೌತೆಯ ಲೆಕ್ಕ ಬೇರೆ. ಒಂದೆರಡು ವರ್ಷಕ್ಕೆ ಪ್ರಾಯ. ಮೊಟ್ಟೆಯಿಡುವ ಹೊತ್ತಿಗೆ ಅದು ಮೈಯ ಮುಂಭಾಗವನ್ನು ಮರಳಿನಿಂದ ಮೇಲೆತ್ತಿ ತೂಗಾಡುತ್ತದೆ. ಮೊದಲು ಗಂಡು ವೀರ್ಯವನ್ನು ನೀರಿಗೆ ಬಿಡುತ್ತದೆ, ಅದರ ಸುಳಿವು ಸಿಕ್ಕಿ ಹೆಣ್ಣು ಮೊಟ್ಟೆ ಬಿಡುತ್ತದೆ. ಒಂದು ಸಲಕ್ಕೆ 10ರಿಂದ 20 ಲಕ್ಷ ಮೊಟ್ಟೆ! ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಸುಮಾರು ಎರಡು ವಾರ ನೀರಿನಲ್ಲಿ ತೇಲಿ, ಆಮೇಲೆ ಕಡಲಹುಲ್ಲಿನ ಎಲೆಯ ಮೇಲೆ ಇಳಿದು, ಬೆಳೆದಂತೆ ಮರಳಿಗೆ ಬರುತ್ತವೆ.

ಈಗ ನಾನು ಕೇಳುವ ಪ್ರಶ್ನೆಗೆ ಮಕ್ಕಳು ಉತ್ತರ ಹೇಳಬೇಕು. ಮೂರು ವರ್ಷಕ್ಕೆ ಒಂದು ಮರಿ ಹಾಕುವ ಪ್ರಾಣಿ, ಒಂದೇ ಸಲಕ್ಕೆ ಹತ್ತು ಲಕ್ಷ ಮೊಟ್ಟೆ ಬಿಡುವ ಪ್ರಾಣಿ, ಇವೆರಡರಲ್ಲಿ ಯಾವುದಕ್ಕೆ ಅಳಿವಿನ ಭಯ ಹೆಚ್ಚು? ಡಾಲ್ಫಿನ್ನಿಗೆ ಎಂದು ಕೂಗುತ್ತಿದ್ದೀರಿ. ದೊಡ್ಡವರೂ ಬಹಳ ಕಾಲ ಹಾಗೇ ತಿಳಿದಿದ್ದರು. ಆದರೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಎರಡೂ ಒಂದೇ ಸಾಲಿನಲ್ಲಿವೆ, ಅಳಿವಿನಂಚಿನ ಸಾಲಿನಲ್ಲಿ.

ಕಾರಣ ಸರಳವಾಗಿದೆ. ನೀರಿಗೆ ಬಿಟ್ಟ ಮೊಟ್ಟೆಗೆ ವೀರ್ಯ ಸೇರಬೇಕಾದರೆ ಗಂಡು ಹೆಣ್ಣು ಹತ್ತಿರ ಹತ್ತಿರ ಇರಬೇಕು. ಸಮುದ್ರ ಸೌತೆಗೆ ಓಡಿಹೋಗಿ ಜೊತೆ ಹುಡುಕಲು ಬರುವುದಿಲ್ಲ. ಒಂದು ಬಯಲಿನಲ್ಲಿದ್ದ ನೂರರಲ್ಲಿ ತೊಂಬತ್ತನ್ನು ಹೆಕ್ಕಿ ತೆಗೆದರೆ, ಉಳಿದ ಹತ್ತು ದೂರ ದೂರ ಆಗುತ್ತವೆ. ಅವು ಮೊಟ್ಟೆ ಬಿಡುತ್ತವೆ, ವೀರ್ಯವನ್ನೂ ಬಿಡುತ್ತವೆ, ಆದರೆ ಎರಡೂ ಒಂದಕ್ಕೊಂದು ಸಿಗದೆ ನೀರಿನಲ್ಲಿ ಚದುರಿಹೋಗುತ್ತವೆ. ಲಕ್ಷ ಮೊಟ್ಟೆಯಿದ್ದೂ ಒಂದು ಮರಿಯಿಲ್ಲ. ನೆರೆಹೊರೆಯಿಲ್ಲದೆ ಅದರ ವಂಶವಿಲ್ಲ.

ಹೆಕ್ಕಿ ತೆಗೆದವರು ಯಾರು, ಯಾಕೆ? ಚೀನಾದಲ್ಲಿ ಒಣಗಿಸಿದ ಸಮುದ್ರ ಸೌತೆ ಔತಣದ ಊಟ, ಔಷಧಿಯೂ ಹೌದು. ನಮ್ಮ ತೀರದಿಂದ ಅಲ್ಲಿಗೆ ಈ ವ್ಯಾಪಾರ ಬಹಳ ಹಳೆಯದು. ಹೊಟ್ಟೆ ಸೀಳಿ, ಬೇಯಿಸಿ, ಮೇಲಿನ ಸುಣ್ಣದ ಪದರ ಉಜ್ಜಿ ತೆಗೆದು, ಒಣಗಿಸಿದರೆ ತೂಕದಲ್ಲಿ ಹತ್ತನೇ ಒಂದು ಪಾಲೂ ಉಳಿಯುವುದಿಲ್ಲ. ಒಂದು ಚೀಲ ಒಣ ಸರಕು ಎಂದರೆ ಹತ್ತಕ್ಕೂ ಹೆಚ್ಚು ಚೀಲ ಜೀವ. ಹಿಡಿಯುವುದಕ್ಕೂ ಕಷ್ಟವಿಲ್ಲ, ಬಗ್ಗಿ ಹೆಕ್ಕಿದರಾಯಿತು. ಸಿಗುವ ಗಾತ್ರ ಚಿಕ್ಕದಾಗುತ್ತ ಬಂದಾಗ, 1982ರಲ್ಲಿ ಸರ್ಕಾರ ಮೂರು ಇಂಚಿಗಿಂತ ಸಣ್ಣ ಒಣ ಸರಕಿನ ರಫ್ತನ್ನು ನಿಲ್ಲಿಸಿತು. ಅದು ಸಾಲದೆ 2001ರಲ್ಲಿ ಎಲ್ಲ ಸಮುದ್ರ ಸೌತೆಗಳನ್ನೂ 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಗೆ ಸೇರಿಸಿತು. ಹಿಡಿದರೆ ಹುಲಿ ಕೊಂದಷ್ಟೇ ಅಪರಾಧ, ಮೂರರಿಂದ ಏಳು ವರ್ಷದ ಜೈಲು. 2020ರಲ್ಲಿ ಲಕ್ಷದ್ವೀಪದ ಚೆರಿಯಪಾಣಿಯಲ್ಲಿ 239 ಚದರ ಕಿಲೋಮೀಟರಿನ ಕಡಲನ್ನು ಇವುಗಳಿಗಾಗಿಯೇ ಮೀಸಲಿಟ್ಟರು.

ಕಾನೂನು ಬೇಕೇ? ಬೇಕು. ಅಷ್ಟೇ ಸಾಕೇ? ಸಾಲದು. ರಾಮನಾಥಪುರದ ಕಡೆ ಅದೇ ಕಸುಬಿನಲ್ಲಿದ್ದ ಬಡ ಮುಳುಗುಗಾರರ ಕೈಯಿಂದ ಒಂದೇ ದಿನ ಅನ್ನ ಹೋಯಿತು. ಪಾಕ್ ಜಲಸಂಧಿಯ ಆಚೆ ದಡದ ಶ್ರೀಲಂಕಾದಲ್ಲಿ ಪರವಾನಗಿ ಪಡೆದು ಹಿಡಿಯಬಹುದು, ಈಚೆ ದಡದಲ್ಲಿ ಬಲೆಗೆ ತಾನಾಗಿ ಬಂದರೂ ಭಯ. ಆದ್ದರಿಂದ ಕಳ್ಳಸಾಗಣೆ ನಿಂತಿಲ್ಲ. ಕಡಲಿನ ಜೀವವನ್ನು ಉಳಿಸುವಾಗ ಕಡಲನ್ನೇ ನಂಬಿದವರ ಮಾತನ್ನೂ ಕೇಳಬೇಕು ಎಂದು ಈ ಊರಿನಲ್ಲಿ ನಿಂತು ಹೇಳದಿದ್ದರೆ ನಾನು ಇನ್ನೆಲ್ಲಿ ಹೇಳಲಿ? ಇದಕ್ಕೆ ಒಂದು ದಾರಿಯೂ ಇದೆ. 1988ರಲ್ಲಿ ತೂತ್ತುಕುಡಿಯಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಡಾ. ಡಿ. ಬಿ. ಜೇಮ್ಸ್ ಮತ್ತು ಅವರ ಸಂಗಡಿಗರು ಈ ಜಾತಿಯ ಮೊಟ್ಟೆಯೊಡೆಸಿ ತೊಟ್ಟಿಯಲ್ಲಿ ಮರಿ ಬೆಳೆಸಿದರು. ಲೋಕದಲ್ಲಿ ಅದೇ ಮೊದಲು. ಇವತ್ತು ಮಡಗಾಸ್ಕರ್‌ನ ನೈಋತ್ಯ ಕರಾವಳಿಯ ಹಳ್ಳಿಗಳಲ್ಲಿ ಮೀನುಗಾರ ಕುಟುಂಬಗಳು ಇಂಥ ಮರಿಗಳನ್ನು ತಂದು, ಆಳವಿಲ್ಲದ ನೀರಿನಲ್ಲಿ ಬೇಲಿ ಕಟ್ಟಿ ಸಾಕಿ, ಮಾರಿ ಬದುಕುತ್ತಿವೆ. ಮೊದಲು ಮರಿ ಮಾಡಿದ್ದು ನಮ್ಮವರು.

ಡಾಲ್ಫಿನ್ನಿಗೆ ಈ ದಾರಿ ಇಲ್ಲ. ಅದನ್ನು ತೊಟ್ಟಿಯಲ್ಲಿ ಸಾಕಿ ಕಡಲಿಗೆ ಬಿಡಲಾಗದು. ಅದನ್ನು ಯಾರೂ ಬೇಕೆಂದು ಹಿಡಿಯುವುದೂ ಇಲ್ಲ. ನೀರಿನಲ್ಲಿ ಗೋಡೆಯಂತೆ ನಿಲ್ಲುವ ನೈಲಾನ್ ಬಲೆಯೇ ಅದರ ದೊಡ್ಡ ಶತ್ರು. ತೆಳ್ಳನೆಯ ಎಳೆಯಿಂದ ಸದ್ದು ಸರಿಯಾಗಿ ಹಿಂದಿರುಗುವುದಿಲ್ಲ. ಮೀನಿನ ಹಿಂದೆ ಬಂದ ಡಾಲ್ಫಿನ್ ಸಿಕ್ಕಿಕೊಂಡರೆ ಮೇಲೆ ಬರಲಾಗದೆ ಉಸಿರು ಕಟ್ಟಿ ಸಾಯುತ್ತದೆ. ಮೀನುಗಾರನಿಗೆ ಬಲೆಯೂ ಹೋಯಿತು, ಮೇಲೆ ಕೇಸಿನ ಭಯ. ಅವನು ಸುಮ್ಮನೆ ಬಿಡಿಸಿ ನೀರಿಗೆ ಬಿಡುತ್ತಾನೆ, ಯಾರಿಗೂ ಹೇಳುವುದಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ 2018ರಿಂದ ಒಂದು ವ್ಯವಸ್ಥೆ ಇದೆ. ಸಂರಕ್ಷಿತ ಪ್ರಾಣಿಯನ್ನು ಜೀವಂತ ಬಿಡಲು ಬಲೆ ಕತ್ತರಿಸಿದರೆ ಮೀನುಗಾರನಿಗೆ 25,000 ರೂಪಾಯಿವರೆಗೆ ಪರಿಹಾರ ಕೊಡುತ್ತಾರೆ. ಫೋಟೋ ತೆಗೆದು ತೋರಿಸಿದರೆ ಸಾಕು. ಅಂಥ ಪರಿಹಾರ ಈ ದಡದ ಪ್ರತಿಯೊಬ್ಬ ಮೀನುಗಾರನಿಗೂ ತೊಡಕಿಲ್ಲದೆ ಸಿಗಬೇಕು. ವೇದಿಕೆಯ ಮೇಲಿರುವ ಜನಪ್ರತಿನಿಧಿಗಳು ದಯವಿಟ್ಟು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಊರಿನವರಲ್ಲಿ ನನ್ನ ಕೋರಿಕೆ ಮೂರು. ಬಲೆಯಲ್ಲಿ ಡಾಲ್ಫಿನ್ ಜೀವಂತ ಸಿಕ್ಕಿದರೆ ಮೊದಲು ಅದರ ತಲೆಯ ಮೇಲಿನ ತೂತು ನೀರಿನಿಂದ ಮೇಲಿರುವಂತೆ ಹಿಡಿಯಿರಿ, ಆಮೇಲೆ ಬಲೆ ಬಿಡಿಸಿ. ದಡದಲ್ಲಿ ಸತ್ತದ್ದು ಕಂಡರೆ ಹೂಳುವ ಮುಂಚೆ ಅರಣ್ಯ ಇಲಾಖೆಗೆ ತಿಳಿಸಿ. ಸತ್ತ ಪ್ರಾಣಿಯ ಅಳತೆ, ಫೋಟೋ, ಸಾವಿನ ಕಾರಣ ಇವೇ ನಾಳೆ ಉಳಿದವುಗಳನ್ನು ಕಾಯಲು ಬೇಕಾದ ಮಾಹಿತಿ. ಪ್ರವಾಸಿಗರನ್ನು ಡಾಲ್ಫಿನ್ ತೋರಿಸಲು ಕರೆದೊಯ್ಯುವ ಹುಡುಗರು ಅವುಗಳ ಬೆನ್ನಟ್ಟಬೇಡಿ. ದೂರದಲ್ಲಿ ಎಂಜಿನ್ ನಿಧಾನ ಮಾಡಿ ನಿಲ್ಲಿ. ಅವುಗಳಿಗೆ ಮನಸ್ಸಿದ್ದರೆ ಅವೇ ಹತ್ತಿರ ಬರುತ್ತವೆ.

ಮಕ್ಕಳಿಗೆ ಒಂದು ಮಾತು. ನೀರಿನಿಂದ ಹಾರಿದ್ದನ್ನು ನೋಡಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ತಳದಲ್ಲಿ ಮರಳು ಶುದ್ಧ ಮಾಡುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಡಲಿಗೆ ಇಬ್ಬರೂ ಬೇಕು, ಶಾಲೆಗೂ ಇಬ್ಬರೂ ಬೇಕು. ಈ ಐವತ್ತು ವರ್ಷದಲ್ಲಿ ಇಲ್ಲಿಂದ ಹೆಸರು ಮಾಡಿದವರು ಹೋಗಿದ್ದಾರೆ. ಹೆಸರಿಲ್ಲದೆ ಊರನ್ನು ನಡೆಸಿಕೊಂಡು ಬಂದವರು ಇಲ್ಲೇ ಎದುರು ಸಾಲಿನಲ್ಲಿ ಕೂತಿದ್ದಾರೆ. ಜೀವದ ಬೆಲೆಯನ್ನು ಅದರ ಮಿದುಳಿನಿಂದಾಗಲಿ ರೂಪದಿಂದಾಗಲಿ ಅಳೆಯದ ಒಂದು ಪಟ್ಟಿ ನಮ್ಮ ದೇಶದ ಕಾನೂನಿನಲ್ಲಿದೆ ಎಂಬುದು ನನಗೆ ಹೆಮ್ಮೆಯ ವಿಷಯ. ಆ ಪಟ್ಟಿ ಪುಸ್ತಕದಲ್ಲಿ ಉಳಿಯದೆ ದಡದಲ್ಲಿ ನಿಲ್ಲುವ ಹಾಗೆ ಮಾಡುವವರು ನೀವು.